ಎಣಿಕೆಯ ಮಿತಿ, ಇಚ್ಛೆಯ ಮಿತಿ

ಪರಿಗ್ರಹ ಪರಿಮಾಣ ವ್ರತವನ್ನು ಗುರುಸಾಕ್ಷಿಯಾಗಿ ಸ್ವೀಕರಿಸುವ ಶ್ರಾವಕನು ತನ್ನ ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ, ಪಾತ್ರೆಪಡಗಗಳಿಗೆ ಇಷ್ಟೇ ಎಂದು ಒಂದು ಗಡಿಯನ್ನು ಹಾಕಿಕೊಳ್ಳುತ್ತಾನೆ. ಹಿಂದಿನ ತಲೆಮಾರಿನವರು ಎತ್ತಿನ ಜೋಡಿ ಇಷ್ಟು, ಗಾಡಿ ಇಷ್ಟು ಎಂದು ಹೇಳಿಕೊಳ್ಳುತ್ತಿದ್ದರು. ಬಾಹ್ಯ ಪರಿಗ್ರಹವನ್ನು ಹತ್ತೆಂದು ಎಣಿಸುವ ಪರಂಪರೆಯಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದಗಳ ನಂತರ ಯಾನವೂ ಒಂದಾಗಿ ಬರುತ್ತದೆ. ಈ ಕಾಲದ ಗೃಹಸ್ಥನು ಎತ್ತು ಗಾಡಿಗಳ ಸ್ಥಾನದಲ್ಲಿ ‘ವಾಹನ ಒಂದು’ ಎಂದು ಬರೆದುಕೊಂಡು ನಿಶ್ಚಿಂತನಾಗುತ್ತಾನೆ. ಈ ‘ಒಂದು’ ಎಂಬ ಅಂಕೆ ಎಷ್ಟರ ಮಟ್ಟಿಗೆ ವ್ರತವನ್ನು ಕಾಪಾಡುತ್ತದೆ ಎಂಬುದು ವಿಚಾರಣೀಯ.

ಪ್ರಶ್ನೆ ಬರಿಯ ಪಾಂಡಿತ್ಯದ್ದಲ್ಲ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಬದಿಯ ಕಿರಿಮಂಜೇಶ್ವರದಂಥ ಊರಿನಲ್ಲಿ ಒಬ್ಬ ವ್ರತಧಾರಿ ಗೃಹಸ್ಥನಿದ್ದಾನೆಂದು ಭಾವಿಸಬಹುದು. ದಶಲಕ್ಷಣ ಪರ್ವದ ದಿನಗಳಲ್ಲಿ ಆತ ಮನೆ ಒಂದು, ತೋಟ ಇಷ್ಟು, ಬಂಗಾರ ಇಷ್ಟು ಪವನು, ವಾಹನ ಒಂದು ಎಂದು ನಿಯಮ ಮಾಡಿಕೊಂಡವನು. ಬಹುಕಾಲ ಅವನ ಮನೆಯಲ್ಲಿ ಒಂದು ಅಂಬಾಸಡರ್ ಕಾರಿತ್ತು. ಅದು ಸವೆದು ಹೋಯಿತು, ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಪರದೇಶದಲ್ಲಿ ದೊಡ್ಡ ಸಂಪಾದನೆಯುಳ್ಳ ಮಗನು ಜಗತ್ತಿನಲ್ಲಿ ಕೆಲವೇ ನೂರು ತಯಾರಾಗುವ ಓಟದ ಕಾರೊಂದನ್ನು ಕೊಂಡು ತಂದೆಯ ಹೆಸರಿನಲ್ಲಿ ಇಡಲು ಬಯಸುತ್ತಾನೆ. “ಅಪ್ಪಯ್ಯ, ನಿಮ್ಮ ವ್ರತದಲ್ಲಿ ವಾಹನ ಒಂದು ಎಂದಲ್ಲವೆ? ಇದೂ ಒಂದೇ” ಎಂಬುದು ಅವನ ಮಾತು. ಆ ಮಾತಿನಲ್ಲಿ ಎಣಿಕೆಯ ತಪ್ಪಿಲ್ಲ. ತಂದೆಗೆ ಒಳಗೊಳಗೇ ಅಳುಕು ಮಾತ್ರ ಇದೆ. ಆ ಅಳುಕಿಗೆ ಶಾಸ್ತ್ರದಲ್ಲಿ ಆಧಾರ ಉಂಟೋ ಇಲ್ಲವೋ ಎಂಬುದೇ ಇಲ್ಲಿಯ ವಿಷಯ.

ಮೊದಲು ಇಂಥ ಕಾರು ಎಂದರೆ ಏನೆಂಬುದನ್ನು ತಿಳಿಯಬೇಕು. ಫ್ರಾನ್ಸಿನ ಬುಗಾಟಿ ಸಂಸ್ಥೆಯು 2005ರಿಂದ 2015ರವರೆಗೆ ‘ವೇರಾನ್’ ಎಂಬ ಕಾರನ್ನು ತಯಾರಿಸಿತು. ಹತ್ತು ವರ್ಷಗಳಲ್ಲಿ ಹೊರಬಂದವು ಒಟ್ಟು 450. ಅದರ ಯಂತ್ರಕ್ಕೆ 16 ಸಿಲಿಂಡರುಗಳು, ಸಾವಿರ ಕುದುರೆಗಳ ಶಕ್ತಿ. ಗಂಟೆಗೆ 400 ಕಿಲೋಮೀಟರನ್ನು ಮೀರುವ ವೇಗ. ಪೂರ್ಣ ವೇಗದಲ್ಲಿ ಓಡಿಸಿದರೆ ಅದರ 100 ಲೀಟರಿನ ಟ್ಯಾಂಕು ಸುಮಾರು 12 ನಿಮಿಷಗಳಲ್ಲಿ ಬರಿದಾಗುತ್ತದೆಂದು ತಿಳಿದವರು ಹೇಳುತ್ತಾರೆ. ಲೆಕ್ಕ ಹಾಕಿದರೆ ಅದು 80 ಕಿಲೋಮೀಟರಿನ ಮಾತು; ಕಿರಿಮಂಜೇಶ್ವರದಿಂದ ತೆಂಕಣಕ್ಕೆ ಹೊರಟವನು ಉಡುಪಿಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿಲ್ಲಬೇಕು. ಆದರೆ ನಮ್ಮ ದೇಶದ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ವೇಗ ಗಂಟೆಗೆ 100 ಕಿಲೋಮೀಟರು. ಅಂದರೆ ಆ ವಾಹನದಲ್ಲಿರುವ ಸಾಮರ್ಥ್ಯದ ಮುಕ್ಕಾಲು ಪಾಲು ಈ ರಸ್ತೆಯಲ್ಲಿ ಎಂದೂ ಉಪಯೋಗಕ್ಕೆ ಬರತಕ್ಕದ್ದಲ್ಲ. ಉಪಯೋಗಕ್ಕೆ ಬಾರದ ಸಾಮರ್ಥ್ಯಕ್ಕೆ ಕೋಟ್ಯಂತರ ರೂಪಾಯಿಗಳನ್ನು ತೆರುವವನು ಕೊಳ್ಳುವುದಾದರೂ ಏನನ್ನು?

ಅವನು ಕೊಳ್ಳುವುದು ವಿರಳತೆಯನ್ನು. ಇಟಲಿಯ ಫೆರಾರಿ ಸಂಸ್ಥೆಯ ‘ಎಫ್ 50’ ಎಂಬ ಕಾರಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1995ರಲ್ಲಿ ಅದನ್ನು ಹೊರತರುವಾಗ ಸಂಸ್ಥೆಯವರು ಜಗತ್ತಿನಲ್ಲಿ 350 ಕಾರುಗಳು ಮಾರಾಟವಾಗಬಹುದೆಂದು ಅಂದಾಜು ಮಾಡಿದರು, ತಯಾರಿಸಿದ್ದು 349. ಬೇಡಿಕೆಗಿಂತ ಒಂದು ಕಡಿಮೆ ಇರಬೇಕೆಂಬುದು 1988ರಲ್ಲಿ ತೀರಿಕೊಂಡ ಆ ಸಂಸ್ಥೆಯ ಸ್ಥಾಪಕನ ನೀತಿಯಾಗಿತ್ತೆಂದು ಹೇಳುವ ವಾಡಿಕೆಯಿದೆ. ಮುಂದೆ ಬಂದ ‘ಲಾ ಫೆರಾರಿ’ ಎಂಬುದಂತೂ 499 ಮಾತ್ರ. ಕೈಯಲ್ಲಿ ಹಣವಿದ್ದ ಮಾತ್ರಕ್ಕೆ ಅದು ದೊರೆಯುತ್ತಿರಲಿಲ್ಲ. ಆ ಸಂಸ್ಥೆಯ ಕಾರುಗಳನ್ನು ಹಿಂದೆಯೇ ಕೊಂಡಿಟ್ಟುಕೊಂಡವರಲ್ಲಿ ಯಾರಿಗೆ ಕೊಡಬೇಕೆಂಬುದನ್ನು ಮಾರುವವರೇ ಆರಿಸುತ್ತಿದ್ದರು.

ಇಲ್ಲಿ ಮಿತಿ ಉಂಟು, ಪರಿಮಾಣ ಉಂಟು, ಸಂಖ್ಯೆ ಉಂಟು. ವ್ರತದಲ್ಲಿರುವ ಪದಗಳೆಲ್ಲವೂ ಇಲ್ಲಿವೆ. ಅರ್ಥ ಮಾತ್ರ ತಲೆಕೆಳಗಾಗಿದೆ. ಶ್ರಾವಕನು ಮಿತಿಯನ್ನು ಹಾಕುವುದು ತನ್ನ ಇಚ್ಛೆ ಕುಗ್ಗಲಿ ಎಂದು. ತಯಾರಕನು ಮಿತಿಯನ್ನು ಹಾಕುವುದು ಪರರ ಇಚ್ಛೆ ಹಿಗ್ಗಲಿ ಎಂದು. ಮುನ್ನೂರೈವತ್ತು ಜನರಿಗೆ ಮುನ್ನೂರ ನಲವತ್ತೊಂಬತ್ತನ್ನು ಮಾಡುವುದೆಂದರೆ ಒಬ್ಬನನ್ನು ಬರಿಗೈಯಲ್ಲಿ ಕಳುಹಿಸುವುದು ಎಂದಷ್ಟೇ ಅಲ್ಲ. ಉಳಿದವರ ಮನಸ್ಸಿನಲ್ಲಿ ಆ ಒಬ್ಬನು ತಾನಾಗಬಾರದೆಂಬ ತಳಮಳವನ್ನು ಬಿತ್ತುವುದು. ಲೋಭ ಕಷಾಯವನ್ನು ಇಷ್ಟು ನಿಖರವಾಗಿ ಅಳೆದು ವ್ಯಾಪಾರಕ್ಕೆ ಹೂಡಿದ ಉದಾಹರಣೆ ಅಪರೂಪ.

ಪೂಜ್ಯ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಐದನೆಯ ಅಣುವ್ರತಕ್ಕೆ ಪರಿಮಿತ ಪರಿಗ್ರಹವೆಂದು ಹೇಳಿ, ಅದಕ್ಕೆ ಇಚ್ಛಾ ಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಈ ಎರಡನೆಯ ಹೆಸರನ್ನು ವ್ರತ ಹಿಡಿಯುವವರು ಓದಿ ಮುಂದೆ ಹೋಗಿಬಿಡುವುದುಂಟು. ಅದರ ಮೇಲೆ ನಿಲ್ಲುವವರು ವಿರಳ. ವಸ್ತುವನ್ನು ಅಳೆದರೆ ಇಚ್ಛೆ ತಾನಾಗಿ ಅಳತೆಗೆ ಬರುತ್ತದೆ ಎಂದು ಭಾವಿಸಿದರೆ ಎರಡನೆಯ ಹೆಸರಿನ ಅಗತ್ಯವೇ ಇರುತ್ತಿರಲಿಲ್ಲ. ಉಮಾಸ್ವಾಮಿಗಳೂ ಪರಿಗ್ರಹವೆಂದರೆ ಮೂರ್ಛೆ ಎಂದರು, ವಸ್ತುವೆನ್ನಲಿಲ್ಲ. ಆ ಮೂರ್ಛೆ ಎಂದರೇನೆಂಬುದನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಸ್ತುಗಳನ್ನು ಗಳಿಸುವ, ಕಾಯುವ, ಸಂಸ್ಕರಿಸುವ ವ್ಯಾಪಾರದಲ್ಲಿ ಮನಸ್ಸು ತೊಡಗಿರುವುದನ್ನೇ ಮೂರ್ಛೆ ಎಂದು ತಿಳಿಸುತ್ತಾರೆ. ವಿರಳವಾದ ಕಾರುಗಳನ್ನು ಸಂಗ್ರಹಿಸುವವನ ದಿನಚರಿ ಈ ಮೂರು ಕ್ರಿಯೆಗಳಲ್ಲಿಯೇ ಮುಗಿಯುತ್ತದೆ. ಗಳಿಸಲು ಹರಾಜಿನಿಂದ ಹರಾಜಿಗೆ ಅಲೆದಾಟ; ಕಾಯಲು ಬೀಗ, ಕಾವಲುಗಾರ, ವಿಮೆ; ಸಂಸ್ಕರಿಸಲು ಹದವಾದ ಶೈತ್ಯವಿರುವ ಕೊಠಡಿ, ಮೆರುಗು, ಮೂಲ ಬಣ್ಣಕ್ಕೆ ಹೊಂದುವ ಬಣ್ಣ, ಮೂಲ ತಿರುಪಿಗೆ ಹೊಂದುವ ತಿರುಪು.

ಸಮಂತಭದ್ರರು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಈ ಸಂದರ್ಭದಲ್ಲಿ ಸ್ಮರಿಸಿದರೆ ಆಶ್ಚರ್ಯವಾಗುತ್ತದೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಅತಿವಾಹನವೆಂದರೆ ಎತ್ತು ಮುಂತಾದವು ಸುಖವಾಗಿ ಹೋಗಬಲ್ಲ ದೂರವನ್ನು ಮೀರಿ ಲೋಭದಿಂದ ಅವನ್ನು ಓಡಿಸುವುದೆಂದು ವ್ಯಾಖ್ಯಾನಕಾರ ಪ್ರಭಾಚಂದ್ರರ ಅರ್ಥ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇರಿಸಿಕೊಳ್ಳುವುದೆಂದೂ ಈಚಿನವರು ಅರ್ಥ ಮಾಡುತ್ತಾರೆ. ಯಂತ್ರಕ್ಕೆ ಎತ್ತಿನಂತೆ ನೋವಿಲ್ಲವಾದ್ದರಿಂದ ಮೊದಲನೆಯ ಅರ್ಥ ಇಲ್ಲಿ ನೇರವಾಗಿ ಹೊಂದುವುದಿಲ್ಲ. ಹೊಂದಿಸಲು ಹೆಣಗುವುದೂ ಬೇಡ. ಆದರೆ ಅತಿಸಂಗ್ರಹದ ವಿಷಯ ಹಾಗಲ್ಲ. ಮುಂದೆ ಹೆಚ್ಚು ಲಾಭ ಬಂದೀತೆಂಬ ಆಸೆಯಿಂದ ಧಾನ್ಯವನ್ನು ಕೂಡಿಡುವುದು ಅತಿಸಂಗ್ರಹ. 1962ರಿಂದ 1964ರವರೆಗೆ ಫೆರಾರಿಯವರು ತಯಾರಿಸಿದ ‘250 ಜಿಟಿಒ’ ಎಂಬ ಪಂದ್ಯದ ಕಾರುಗಳು 36. ಅಂದು ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರು. ಅವುಗಳಲ್ಲಿ ಒಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಮರ್ಸಿಡಿಸ್ ಸಂಸ್ಥೆಯು 1955ರಲ್ಲಿ ಎರಡೇ ಎರಡು ತಯಾರಿಸಿದ ಕಾರುಗಳಲ್ಲಿ ಒಂದು 2022ರ ಮೇ ತಿಂಗಳಲ್ಲಿ 13 ಕೋಟಿ 50 ಲಕ್ಷ ಯೂರೋಗಳಿಗೆ, ಅಂದಿನ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗಳಿಗೂ ಮೀರಿದ ಬೆಲೆಗೆ, ಮಾರಾಟವಾಯಿತು. ಇಂಥ ಅಂಕೆಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಕಾರನ್ನು ಕೊಳ್ಳುವವನ ಮನಸ್ಸು ಪ್ರಯಾಣದ ಮೇಲೆ ಇರುವುದಿಲ್ಲ. ಕಣಜದಲ್ಲಿ ಭತ್ತ ತುಂಬಿ ಬರಗಾಲಕ್ಕೆ ಕಾಯುವವನ ಮನಸ್ಸಿನಂತೆ ಇರುತ್ತದೆ.

ಇದರಿಂದ ಒಂದು ವಿಚಿತ್ರ ಸ್ಥಿತಿ ಒದಗಿದೆ. ಸಂಗ್ರಾಹಕರ ಪೇಟೆಯಲ್ಲಿ ಹೆಚ್ಚು ಓಡಿದ ಕಾರಿಗೆ ಬೆಲೆ ಕಡಿಮೆ, ಓಡದ ಕಾರಿಗೆ ಬೆಲೆ ಹೆಚ್ಚು. ಕಾರ್ಖಾನೆಯಿಂದ ಬಂದಂದಿನ ಅಂಕೆಯೇ ಮಾಪಕದಲ್ಲಿ ನಿಂತಿದ್ದರೆ ಅದಕ್ಕೆ ಗೌರವ. ವಾಹನವೆಂದರೆ ವಹಿಸುವಂಥದು, ಯಾರನ್ನೂ ಎಲ್ಲಿಗೂ ವಹಿಸದ ವಾಹನ ಯಾವ ವ್ರತದ ಲೆಕ್ಕಕ್ಕೆ ಬರಬೇಕು? ಭೋಗೋಪಭೋಗ ಪರಿಮಾಣವು ಮತ್ತೆ ಮತ್ತೆ ಅನುಭವಿಸುವ ವಸ್ತುವನ್ನು ಉಪಭೋಗವೆಂದು ಕರೆದು ಅದಕ್ಕೆ ಮಿತಿ ಹೇಳುತ್ತದೆ. ಗೃಹಸ್ಥನು ಇಂದು, ಈ ರಾತ್ರಿ, ಈ ಪಕ್ಷ, ಈ ಮಾಸ ಎಂದು ಕಾಲದ ಗಡಿ ಹಾಕಿ ಬಿಡಬೇಕಾದವುಗಳ ಪಟ್ಟಿಯಲ್ಲಿ ಸಮಂತಭದ್ರರು ಭೋಜನವನ್ನು ಹೇಳಿದ ಕೂಡಲೇ ವಾಹನವನ್ನು ಹೇಳಿದ್ದಾರೆ. ಶಯನ, ಸ್ನಾನ, ಪುಷ್ಪ, ತಾಂಬೂಲಗಳೆಲ್ಲ ಆಮೇಲೆ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಮನೆಗಳಲ್ಲಿ ಆಹಾರದ ತ್ಯಾಗ ಕಟ್ಟುನಿಟ್ಟಾಗಿರುತ್ತದೆ. ಅಂದು ವಾಹನವನ್ನು ಬಿಡಬೇಕೆಂಬುದು ಎಷ್ಟು ಮನೆಗಳಲ್ಲಿ ನೆನಪಿನಲ್ಲಿದೆಯೋ ತಿಳಿಯದು. ಆದರೆ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ ಕಾರಿನವನು ವರ್ಷದ ಮುನ್ನೂರ ಅರವತ್ತೈದು ದಿನವೂ ವಾಹನತ್ಯಾಗಿಯೇ ಅಲ್ಲವೇ! ಭೋಗವಿಲ್ಲ, ಉಪಭೋಗವೂ ಇಲ್ಲ. ಇರುವುದು ಶುದ್ಧ ಪರಿಗ್ರಹ ಮಾತ್ರ. ತತ್ತ್ವಾರ್ಥಸೂತ್ರವು ರೌದ್ರಧ್ಯಾನದ ನಾಲ್ಕು ನಿಮಿತ್ತಗಳನ್ನು ಹೇಳುವಾಗ ಹಿಂಸೆ, ಅನೃತ, ಸ್ತೇಯಗಳ ಜೊತೆಗೆ ವಿಷಯ ಸಂರಕ್ಷಣೆಯನ್ನೂ ಹೇಳಿದೆ. ಭೋಗಿಸುವವನಿಗಿಂತ ಭೋಗಿಸದೆ ಕಾಯುವವನ ಸ್ಥಿತಿ ಕಠಿನವೆಂಬುದು ಇಲ್ಲಿ ತಿಳಿಯುತ್ತದೆ.

ಆರಾಧನಾ ಕಥೆಗಳಲ್ಲಿ ಬರುವ ಚಂಪಾಪುರಿಯ ಲುಬ್ಧಕ ಸೆಟ್ಟಿಯ ವೃತ್ತಾಂತವನ್ನು ಹಿರಿಯ ವಾಚಕರು ಕೇಳಿಬಲ್ಲರು. ಅಭಯವಾಹನನೆಂಬ ಅರಸನ ರಾಣಿ ಮಳೆಗಾಲದ ಒಂದು ದಿನ ಉಪ್ಪರಿಗೆಯಿಂದ ನೋಡುವಾಗ, ನೆರೆಬಂದ ನದಿಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಒಬ್ಬನು ಪ್ರಾಣದ ಹಂಗು ತೊರೆದು ಎಳೆಯುತ್ತಿದ್ದನು. ಯಾರೋ ಕಡುಬಡವನೆಂದು ಮರುಗಿ ಅರಸನಿಗೆ ಹೇಳಿದಳು. ಅರಸನು ಕರೆಸಿ ಏನು ಬೇಕೆಂದು ಕೇಳಿದಾಗ ಅವನು ತನ್ನ ಜೋಡಿಗೆ ಒಂದು ಎತ್ತು ಕಡಿಮೆಯಾಗಿದೆ ಎಂದನು. ಅರಮನೆಯ ಎತ್ತುಗಳು ಯಾವುವೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನ ಮನೆಗೆ ಹೋಗಿ ನೋಡಿದರೆ ಬಂಗಾರದಲ್ಲಿ ಮಾಡಿಸಿ ರತ್ನ ಕೆತ್ತಿಸಿದ ಪಶುಪಕ್ಷಿಗಳ ಜೋಡಿಗಳು ಸಾಲಾಗಿ ನಿಂತಿದ್ದವು; ಒಂದು ಎತ್ತಿಗೆ ಮಾತ್ರ ಜೊತೆಯಿರಲಿಲ್ಲ. ಅದಕ್ಕಾಗಿಯೇ ಆ ಸಾಹಸ. ಕೊನೆಗೆ ಆತ ಸಮುದ್ರದಲ್ಲಿ ಮಡಿದು ತನ್ನ ನಿಧಿಯ ಮೇಲೆಯೇ ಸರ್ಪವಾಗಿ ಹುಟ್ಟಿದನೆಂದು ಕಥೆ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶ ಬಂಗಾರವಲ್ಲ, ಜೋಡಿ. ಉಳುವವನಿಗೆ ಎತ್ತು ಒಂದು ಕಡಿಮೆಯಾದರೆ ಉಳುಮೆ ನಿಲ್ಲುತ್ತದೆ, ಸಿಕ್ಕಿದರೆ ಅಗತ್ಯ ತೀರುತ್ತದೆ. ಸಂಗ್ರಾಹಕನಿಗೆ ಕೊರತೆಯೆಂಬುದು ಅವನ ಸಂಗ್ರಹದಿಂದಲೇ ಹುಟ್ಟುತ್ತದೆ. ನೂರು ಇದ್ದವನಿಗೇ ನೂರೊಂದನೆಯದರ ಹಸಿವು. ಒಂದು ಕಾರನ್ನು ಕೊಂಡವನಿಗೆ ಅದೇ ಸಂಸ್ಥೆಯ ಮುಂದಿನ ವಿರಳ ಕಾರು ದೊರೆಯುವ ಅರ್ಹತೆ ಬರುವುದು ಹಿಂದಿನದನ್ನು ಇರಿಸಿಕೊಂಡಿದ್ದರೆ ಮಾತ್ರ ಎಂಬ ಈ ಕಾಲದ ಪದ್ಧತಿಯು ಲುಬ್ಧಕನ ಎತ್ತನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ.

ಇದಕ್ಕೆ ಪ್ರತಿಯಾಗಿ ಕರಾವಳಿಯ ಜೈನ ಮನೆಗಳಲ್ಲಿ ತಟ್ಟನೆ ಕೇಳಿಬರುವ ಉತ್ತರ ಭರತೇಶನದು. ಮೂಡುಬಿದಿರೆಯ ರತ್ನಾಕರವರ್ಣಿಯ ಕಾವ್ಯವನ್ನು ಕೇಳಿ ಬೆಳೆದವರಿಗೆ ಭೋಗದ ನಡುವೆ ಯೋಗಿಯಾಗಿದ್ದ ಚಕ್ರವರ್ತಿಯ ಚಿತ್ರ ಕಣ್ಣಮುಂದೆ ಇದೆ. ಎಂಬತ್ತನಾಲ್ಕು ಲಕ್ಷ ರಥಗಳು, ಹದಿನೆಂಟು ಕೋಟಿ ಕುದುರೆಗಳಿದ್ದವನು ದೀಕ್ಷೆ ವಹಿಸಿದ ಅಂತರ್ಮುಹೂರ್ತದಲ್ಲಿ ಕೇವಲಜ್ಞಾನವನ್ನು ಪಡೆದನೆಂದ ಮೇಲೆ ಒಂದು ಕಾರಿನಿಂದ ಏನು ಕೆಡುತ್ತದೆ ಎಂಬ ವಾದವನ್ನು ಅಲ್ಪವೆಂದು ತಳ್ಳುವಂತಿಲ್ಲ. ಮೂರ್ಛೆಯೇ ಪರಿಗ್ರಹವಾದರೆ, ಮೂರ್ಛೆಯಿಲ್ಲದವನಿಗೆ ಕೋಟಿ ಬೆಲೆಯ ಕಾರೂ ಪರಿಗ್ರಹವಲ್ಲವೆಂಬುದು ತರ್ಕಕ್ಕೆ ಒಪ್ಪುವ ಮಾತು.

ಆದರೆ ಅದೇ ಭರತನ ಕಥೆಯಲ್ಲಿ ವೃಷಭಾಚಲದ ಪ್ರಸಂಗವೂ ಇದೆ. ಆದಿಪುರಾಣವನ್ನು ಓದಿದವರು ಮರೆಯಲಾರರು. ಷಟ್ಖಂಡವನ್ನು ಗೆದ್ದ ಚಕ್ರವರ್ತಿಯು ತನ್ನ ಹೆಸರನ್ನು ಆ ಬೆಟ್ಟದ ಮೇಲೆ ಕೆತ್ತಿಸಲು ಹೋದಾಗ ಅಲ್ಲಿ ಬರೆಯಲು ತೆರಪಿರಲಿಲ್ಲ. ಹಿಂದೆ ಆಗಿಹೋದ ಅಸಂಖ್ಯ ಚಕ್ರವರ್ತಿಗಳ ಹೆಸರುಗಳು ಅದನ್ನು ಮುಚ್ಚಿದ್ದವು. ತನ್ನಂಥವನು ತಾನೊಬ್ಬನೇ ಎಂದುಕೊಂಡಿದ್ದವನ ಗರ್ವ ಅಲ್ಲಿ ಇಳಿಯಿತು. ಒಬ್ಬರ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ವಿರಳ ಕಾರಿನಲ್ಲಿ ಇಷ್ಟರಲ್ಲಿ ಇದು ಇಷ್ಟನೆಯದು ಎಂದು ಅಂಕೆ ಕೆತ್ತಿದ ತಗಡೊಂದನ್ನು ಜೋಡಿಸುವ ವಾಡಿಕೆ ಉಂಟು. ಆ ತಗಡಿಗಾಗಿ ಹಣ ತೆರುವವನು ಭರತೇಶನ ವೈರಾಗ್ಯವನ್ನು ತನ್ನ ಪಕ್ಷಕ್ಕೆ ಸಾಕ್ಷಿ ಕರೆಯುವುದು ಸಲ್ಲದು. ಅವನು ನಿಂತಿರುವುದು ವೃಷಭಾಚಲದ ಬುಡದಲ್ಲಿ, ಕೈಯಲ್ಲಿ ಕಾಕಿಣೀರತ್ನ ಹಿಡಿದು ತೆರಪು ಹುಡುಕುತ್ತಾ. ಭರತನಿಗೆ ಆ ರಥಗಳು ರಾಜ್ಯದೊಡನೆ ಬಂದವು. ಕಿರಿಮಂಜೇಶ್ವರದ ಗೃಹಸ್ಥನಿಗೆ ರಾಜ್ಯವಿಲ್ಲ.

ಮೂರ್ಛೆ ಹೆಚ್ಚೋ ಕಡಿಮೆಯೋ ಎಂಬುದನ್ನು ಅಳೆಯುವ ಉಪಾಯವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸರಳವಾದ ದೃಷ್ಟಾಂತದಿಂದ ತೋರಿಸಿದ್ದಾರೆ. ಹಸಿರು ಹುಲ್ಲನ್ನು ಮೇಯುವ ಜಿಂಕೆಯ ಮರಿಗೂ ಇಲಿಗಳ ಹಿಂಡನ್ನು ಕೊಲ್ಲುವ ಬೆಕ್ಕಿಗೂ ಆಹಾರವೆಂಬುದು ಸಮಾನವೇ. ಮೂರ್ಛೆ ಮಾತ್ರ ಒಂದರಲ್ಲಿ ಮಂದ, ಇನ್ನೊಂದರಲ್ಲಿ ತೀವ್ರ. ಹೆಜ್ಜೆ ಸಪ್ಪಳ ಕೇಳಿದರೆ ಜಿಂಕೆಮರಿ ಹುಲ್ಲನ್ನು ಬಿಟ್ಟು ಓಡುತ್ತದೆ. ಬೆಕ್ಕು ಬಡಿದರೂ ಬಾಯಲ್ಲಿರುವುದನ್ನು ಬಿಡದು. ಅಂಬಾಸಡರ್ ಕಾರೂ ಒಂದು, ಈ ಕಾರೂ ಒಂದು, ಎಣಿಕೆ ಸಮಾನ. ಮಳೆಯಲ್ಲಿ ನೆಂಟರೊಬ್ಬರು ಆಸ್ಪತ್ರೆಗೆ ಹೋಗಬೇಕೆಂದು ಬಂದು ಕೇಳಿದರೆ ಹಳೆಯ ಕಾರಿನ ಬೀಗದ ಕೈ ಗೂಟದಿಂದ ಕೈಗೆ ಬರುತ್ತಿತ್ತು. ಹೊಸ ಕಾರಿನ ಬೀಗದ ಕೈ ಹಾಗೆ ಬಂದೀತೇ ಎಂದು ಆ ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಲಿ. ಇಬ್ಬರೇ ಕುಳಿತುಕೊಳ್ಳಬಲ್ಲ, ನೆಲಕ್ಕೆ ತಾಗುವಂತಿರುವ ಆ ವಾಹನ ಊರೊಳಗಿನ ಕೆಂಪುಮಣ್ಣಿನ ದಾರಿಗೆ ಇಳಿಯುವಂಥದೂ ಅಲ್ಲ.

ಯಂತ್ರವನ್ನೂ ವಾಹನವನ್ನೂ ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ತಂದದ್ದು ಅನೇಕ ಚಕ್ರಗಳ ವಾಹನದ ಮೇಲೆಯೇ. ನಡೆಯುವವನ ವೇಗವೂ ಅದಕ್ಕಿರಲಿಲ್ಲ, ದಾರಿಯುದ್ದಕ್ಕೂ ಜನ ಸೇರಿ ನೋಡಿದರು, 1982ರಲ್ಲಿ ಪ್ರತಿಷ್ಠೆಯಾಯಿತು. ಅದೇ ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹವೂ ಇದೆ. ಈಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಸಂಗ್ರಹಾಲಯವೂ ತೆರೆದಿದೆ. ಜೈನ ಮನೆತನವೊಂದರ ಆಶ್ರಯದಲ್ಲಿ ಕಾರುಗಳ ಸಂಗ್ರಹ ಇರಬಹುದೇ ಎಂದು ಕೇಳುವವರಿದ್ದಾರೆ. ತಾಳೆಗರಿ, ನಾಣ್ಯ, ಪ್ರತಿಮೆಗಳಂತೆ ಒಂದು ಕಾಲದ ಯಂತ್ರವೂ ಮುಂದಿನವರ ಅರಿವಿಗಾಗಿ ಉಳಿಯಬೇಕಾದರೆ ಯಾರಾದರೂ ಅದನ್ನು ಇರಿಸಿಕೊಳ್ಳಲೇಬೇಕು. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡಿ ಹೋಗುವ ಕಾರಿಗೂ ಹೊದಿಕೆಯಡಿಯಲ್ಲಿ ಬೆಲೆ ಏರುವುದನ್ನು ಕಾಯುವ ಕಾರಿಗೂ ಭೇದವಿದೆ. ಇನ್ನು ಇರಿಸಿಕೊಂಡವರ ಅಂತರಂಗದಲ್ಲಿ ಮೂರ್ಛೆ ಎಷ್ಟು ಎಂಬುದನ್ನು ಅಳೆಯುವ ಅಧಿಕಾರ ನೋಡುಗನಿಗೆ ಇಲ್ಲ.

ಮೂರ್ಛೆಯ ಮಾತನ್ನು ಬದಿಗಿಟ್ಟರೂ ಅಹಿಂಸಾಣುವ್ರತದ ಕಡೆಯಿಂದ ಏಳುವ ಆಕ್ಷೇಪಣೆ ಉಳಿಯುತ್ತದೆ. ಇಂಥ ಕಾರುಗಳ ಒಳಭಾಗವನ್ನು ಆಸನದಿಂದ ಹಿಡಿದು ಬಾಗಿಲಿನ ಅಂಚಿನವರೆಗೆ ಚರ್ಮದಿಂದ ಹೊದಿಸುವುದು ರೂಢಿ. ಕಲೆಯಿಲ್ಲದ ಚರ್ಮವನ್ನು ಆರಿಸುವುದೇ ಅದರ ಹೆಮ್ಮೆ. ಬಸದಿಯ ಹೊಸ್ತಿಲಲ್ಲಿ ಚರ್ಮದ ನಡುಪಟ್ಟಿಯನ್ನು ಬಿಚ್ಚಿಡುವವನು ಚರ್ಮದ ಕೋಣೆಯಲ್ಲಿ ಕುಳಿತು ಬಸದಿಯ ಬಾಗಿಲಿಗೆ ಬರುವುದು ಹೇಗೆ? ಬೇರೆ ಬಟ್ಟೆಯನ್ನು ಹೊದಿಸಿ ಕೊಡುವ ಅನುಕೂಲವೂ ಕೆಲವೆಡೆ ಇದೆ, ಕೇಳುವವರು ಬೇಕು. ಇಂಧನದ ವಿಷಯ ಹೇಳಬೇಕಾಗಿಯೇ ಇಲ್ಲ. ಪ್ರಯೋಜನವಿಲ್ಲದೆ ತಾನು ಅಲೆಯುವುದು, ಇತರರನ್ನು ಅಲೆಸುವುದು ಇವೆರಡನ್ನೂ ಸಮಂತಭದ್ರರು ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ರವಿವಾರದ ಬೆಳಗಿನಲ್ಲಿ ವೇಗದ ಸುಖಕ್ಕಾಗಿ ಮಾತ್ರ ಹೆದ್ದಾರಿಗೆ ಇಳಿಯುವುದಕ್ಕೆ ಬೇರೆ ಹೆಸರು ಬೇಕಿಲ್ಲ. ಮುನಿಗಳು ಈರ್ಯಾಸಮಿತಿಯಿಂದ ನಾಲ್ಕು ಮೊಳದಷ್ಟು ನೆಲವನ್ನು ಮುಂದೆ ನೋಡಿ ಹೆಜ್ಜೆ ಇಡುತ್ತಾರೆ. ಗಂಟೆಗೆ 400 ಕಿಲೋಮೀಟರು ಎಂದರೆ ಒಂದು ಸೆಕೆಂಡಿಗೆ 111 ಮೀಟರು. ಹಟ್ಟಿಯಂಗಡಿಯ ಬಸದಿಯನ್ನು ದರ್ಶಿಸಿ ಭಟ್ಕಳದ ಚಂದ್ರನಾಥ ಬಸದಿಯ ಕಡೆಗೆ ಮುನಿಸಂಘವೊಂದು ವಿಹಾರ ಮಾಡಿದರೆ ಮರವಂತೆ, ನಾವುಂದ, ಕಿರಿಮಂಜೇಶ್ವರಗಳ ಇದೇ ರಸ್ತೆಯ ಅಂಚಿನಲ್ಲಿ ಬರಿಗಾಲಿನಲ್ಲಿ ನಡೆಯಬೇಕು.

ಅಚೌರ್ಯವೂ ಇಲ್ಲಿ ತಪ್ಪಿಸಿಕೊಳ್ಳುವುದಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದೆ ಓಡುತ್ತಿದ್ದ ಸುಮಾರು 30 ಭಾರೀ ಬೆಲೆಯ ಕಾರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಪರರಾಜ್ಯದಲ್ಲಿ ನೋಂದಾಯಿಸಿದ್ದ ಒಂದು ಫೆರಾರಿ ಕಾರಿನಿಂದ ಒಂದು ಕೋಟಿ ನಲವತ್ತು ಲಕ್ಷ ರೂಪಾಯಿಗಳಿಗೆ ಮೀರಿದ ತೆರಿಗೆ ವಸೂಲಾಯಿತು. ವಿರುದ್ಧ ರಾಜ್ಯಾತಿಕ್ರಮವೆಂದು ಉಮಾಸ್ವಾಮಿಗಳು ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದ್ದು ಇದನ್ನೇ. ಕೋಟಿಗಟ್ಟಲೆ ಕೊಟ್ಟು ಕೊಂಡವನಿಗೆ ಅದರ ತೆರಿಗೆ ಭಾರವೆನಿಸುವುದು ಒಂದು ವಿನೋದ.

ಅತಿವಿಸ್ಮಯವೆಂಬ ಮೂರನೆಯ ಅತಿಚಾರವನ್ನು ಬೇಕೆಂದೇ ಕಡೆಗೆ ಉಳಿಸಿದೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದು, ಕೈತಪ್ಪಿದ ಲಾಭವನ್ನು ನೆನೆದು ಮರುಗುವುದು ಎಂದು ಅದರ ತಾತ್ಪರ್ಯ. ಇದಕ್ಕೆ ಶ್ರೀಮಂತನಾಗಬೇಕಿಲ್ಲ. ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕೆ ಇರುವ ಮರವಂತೆಯ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳು ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುವಾಗ ಸೈಕಲ್ಲನ್ನು ನಿಲ್ಲಿಸಿ ನೋಡುವ ಹುಡುಗನ ಬಾಯಿಯಲ್ಲಿ ಅವುಗಳ ಹೆಸರು, ವೇಗ, ಬೆಲೆ, ಸಂಖ್ಯೆಗಳೆಲ್ಲ ಕಂಠಪಾಠವಾಗಿರುತ್ತವೆ. ಅವನಿಗೆ ಹನ್ನೆರಡು ವ್ರತಗಳ ಹೆಸರು ಬಾರದು ಎಂದು ಬೈಯುವುದು ಹಿರಿಯರ ವಾಡಿಕೆ. ಬೈದು ಫಲವಿಲ್ಲ. ಯಂತ್ರದ ರಚನೆಯನ್ನು ಕಂಡು ಬೆರಗಾಗುವುದು ಜ್ಞಾನದ ಮೊದಲ ಮೆಟ್ಟಿಲೂ ಆಗಬಹುದು. ಹದಿನಾರು ಸಿಲಿಂಡರುಗಳು ಹೇಗೆ ಒಂದೇ ಅಚ್ಚನ್ನು ತಿರುಗಿಸುತ್ತವೆ ಎಂದು ಕೇಳುವ ಹುಡುಗನಿಗೂ ಅದು ಎಷ್ಟಕ್ಕೆ ಮಾರಾಟವಾಯಿತು ಎಂದು ಕೇಳುವ ಅವನ ಚಿಕ್ಕಪ್ಪನಿಗೂ ಒಂದೇ ಅತಿಚಾರವನ್ನು ಹಚ್ಚುವುದು ನ್ಯಾಯವಲ್ಲ.

ಇನ್ನು ಕಿರಿಮಂಜೇಶ್ವರದ ಗೃಹಸ್ಥನ ವಿಷಯ. ಕಾರು ತನ್ನ ಹೆಸರಿನಲ್ಲಿ ಬೇಡ, ಮಗನ ಹೆಸರಿನಲ್ಲಿಯೇ ಇದ್ದು ತನ್ನ ಅಂಗಳದಲ್ಲಿ ನಿಂತಿರಲಿ ಎಂಬ ನಡುದಾರಿ ಅವನಿಗೆ ಹೊಳೆಯಬಹುದು. ಅಳಿಯಸಂತಾನದ ಕಾಲದಲ್ಲಿ ಆಸ್ತಿ ಕುಟುಂಬದ್ದಾಗಿದ್ದಾಗಲೂ ಯಜಮಾನನು ತನ್ನ ವ್ರತವನ್ನು ಲೆಕ್ಕ ಹಾಕುವಲ್ಲಿ ಈ ತೊಡಕು ಇತ್ತು. ಅನುಮತಿತ್ಯಾಗವು ಹತ್ತನೆಯ ಪ್ರತಿಮೆಯ ಧರ್ಮ. ಅಣುವ್ರತಿಯು ಮಗನ ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ವ್ರತಭಂಗವಾಯಿತೆನ್ನಲು ಆಧಾರವಿಲ್ಲ. ಆದರೆ ಬೆಳಿಗ್ಗೆ ಎದ್ದು ಹೊದಿಕೆಯನ್ನು ಸರಿಸಿ ಧೂಳನ್ನು ಒರೆಸುವವನು ತಂದೆಯಾದರೆ, ಬಂದವರಿಗೆ ಇದು ಜಗತ್ತಿನಲ್ಲಿ ಇಷ್ಟೇ ಇವೆ ಎಂದು ಹೇಳುವವನು ತಂದೆಯಾದರೆ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದ್ದರೇನು? ಗಳಿಸಿದ್ದು ಮಗ, ಕಾದದ್ದೂ ಸಂಸ್ಕರಿಸಿದ್ದೂ ತಂದೆ.

ಆದ್ದರಿಂದ ಅವನ ಅಳುಕಿಗೆ ಆಧಾರವಿದೆ ಎಂದೇ ಹೇಳಬೇಕು. ವ್ರತವನ್ನು ಸ್ವೀಕರಿಸಿದ ದಿನ ಅವನ ಮನಸ್ಸಿನಲ್ಲಿದ್ದ ವಾಹನ ಪೇಟೆಗೂ ಬಸದಿಗೂ ಹೋಗಿಬರುವ ವಾಹನ. ಅಂಕೆಯು ಆ ಸಂಕಲ್ಪದ ಗುರುತು ಮಾತ್ರ. ಮುಂದೆ ವ್ರತ ಹಿಡಿಯುವವರು ವಾಹನ ಒಂದು ಎಂದು ನಿಲ್ಲಿಸದೆ, ಇಷ್ಟು ಬೆಲೆಯೊಳಗಿನದು, ಇಂಥ ಪ್ರಯೋಜನಕ್ಕಾಗಿ ಎಂದೂ ಬರೆದುಕೊಳ್ಳುವುದು ಕ್ಷೇಮ. ಅಷ್ಟಮಿ ಚತುರ್ದಶಿಗಳ ಉಪವಾಸದಂದು ವಾಹನವನ್ನೂ ನಿಯಮದಲ್ಲಿ ಸೇರಿಸಿಕೊಂಡರೆ ಮನೆಯ ಎಳೆಯರಿಗೂ ಇದರ ಪರಿಚಯವಾಗುತ್ತದೆ.

ಬೇಡವೆಂದರೂ ದಾಯವಾಗಿ ಅಂಥ ವಸ್ತು ಬಂದುಬಿಟ್ಟರೆ ಏನು ಮಾಡಬೇಕು ಎಂಬ ಪ್ರಶ್ನೆಯೂ ಉಂಟು. ಫೆರಾರಿಯವರು ತಮ್ಮ ಸ್ಥಾಪಕನ ಹೆಸರಿನ ‘ಎಂಜೋ’ ಕಾರುಗಳಲ್ಲಿ ನಾನೂರನೆಯದನ್ನು ರೋಮಿನ ಪೋಪ್ ಎರಡನೆಯ ಜಾನ್ ಪಾಲರಿಗೆ ಅರ್ಪಿಸಿದಾಗ ಅವರು ಅದನ್ನು ಇರಿಸಿಕೊಳ್ಳಲಿಲ್ಲ. 2005ರಲ್ಲಿ ಅದು ಹರಾಜಾಗಿ ಹಣ ಸುನಾಮಿ ಸಂತ್ರಸ್ತರಿಗೆ ಸಂದಿತು. ಪರಧರ್ಮದ ಗುರುವೊಬ್ಬರ ಈ ನಡೆ ನಮ್ಮ ಗೃಹಸ್ಥನಿಗೂ ದಾರಿ ತೋರುವಂಥದು. ಮಿತಿಗೆ ಮೀರಿ ಬಂದುದನ್ನು ಮಾರಿ, ಸಲ್ಲಬೇಕಾದ ತೆರಿಗೆಯನ್ನು ಸಲ್ಲಿಸಿ, ಉಳಿದುದನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿಗೆ ವಿನಿಯೋಗಿಸಿದರೆ ವ್ರತಕ್ಕೆ ಲೋಪವಿಲ್ಲ. ಆದರೆ ಮಾರುವಾಗ ಕೊಳ್ಳುವವನೊಬ್ಬ ಇದ್ದೇ ಇರುತ್ತಾನೆ. ಅವನ ಲೋಭಕ್ಕೆ ಆಹುತಿ ಒದಗಿಸಿದ ದೋಷ ಮಾರಿದವನಿಗೆ ಎಷ್ಟರ ಮಟ್ಟಿಗೆ ತಗಲುತ್ತದೆ ಎಂಬುದು ಮನೆಯಲ್ಲಿ ಕುಳಿತು ತೀರ್ಮಾನಿಸುವ ಮಾತಲ್ಲ. ಚಾತುರ್ಮಾಸದಲ್ಲಿ ಮುನಿಗಳು ನೆಲೆನಿಂತಿರುವಲ್ಲಿಗೆ ಹೋಗಿ ಕೇಳಬೇಕು. ಬಸ್ಸಿನಲ್ಲಿ ಹೋದರೆ ಸಾಕು.